ತತ್ತಿಯ ಬದಲು ಸಕ್ಕರಿ ಗಿಳಿ

ನಮ್ಮ ಮನೆಗೆ ಈಸ್ಟರ್ ಮೊಲ ಬಂದದ್ದು ಮೊಬೈಲ್ ಫೋನಿನಿಂದ. ಮಗಳಿಗೆ ಆಗ ಒಂಬತ್ತು ವರ್ಷ, ಮಗನಿಗೆ ಐದು. ಸಂಜೆ ನಾನು ಚಪಾತಿ ಲಟ್ಟಿಸುತ್ತಿದ್ದಾಗ ಇಬ್ಬರೂ ಫೋನು ಹಿಡಿದುಕೊಂಡು ಬಂದು ಎದುರಿಗೆ ನಿಂತರು. ಅದರಲ್ಲಿ ಯಾವುದೋ ದೇಶದ ಹುಲ್ಲಿನ ಮೇಲೆ, ಬಿಳಿ ಮೊಲದ ವೇಷ ಹಾಕಿದವನೊಬ್ಬ ಬಣ್ಣ ಬಳಿದ ತತ್ತಿಗಳನ್ನು ಗಿಡದ ಬುಡದಲ್ಲಿ ಬಚ್ಚಿಡುತ್ತಿದ್ದ. ಮಕ್ಕಳು ಬುಟ್ಟಿ ಹಿಡಿದು ಹುಡುಕುತ್ತಿದ್ದರು.

"ಮಮ್ಮಿ, ಇದು ನಮ್ಮ ಹಬ್ಬ ಅಲ್ಲೇನ?" ಮಗಳು ಕೇಳಿದಳು. "ಮತ್ತ ನಮ್ಮ ಮನಿಗೆ ಮೊಲ ಯಾಕ ಬರಂಗಿಲ್ಲ?"

ನಾನು ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯಲ್ಲಿ. ಅಜ್ಜನ ಕಾಲದಿಂದ ನಾವು ಕ್ರೈಸ್ತರು. ಆದರೆ ನಮ್ಮ ಈಸ್ಟರಿನಲ್ಲಿ ಮೊಲ ಎಂದೂ ಇರಲಿಲ್ಲ. ಹಬ್ಬಕ್ಕೆ ಮೊದಲಿನ ನಲವತ್ತು ದಿನ ಅಪ್ಪ ಮಾಂಸ ಮುಟ್ಟುತ್ತಿರಲಿಲ್ಲ. ಶುಭ ಶುಕ್ರವಾರ ಮಧ್ಯಾಹ್ನ ಮೂರು ಹೊಡೆಯುವವರೆಗೆ ನಮಗೆ ಮಕ್ಕಳಿಗೂ ನೀರು ಬಿಟ್ಟರೆ ಏನೂ ಇಲ್ಲ. ಶನಿವಾರ ಎಲ್ಲರೂ ಸೇರಿ ಗೋರಿಗಳಿಗೆ ಸುಣ್ಣ ಹಚ್ಚಬೇಕು. ಐತವಾರ ನಸುಕಿನಲ್ಲಿ ಅಲ್ಲಿ ಮೇಣಬತ್ತಿ ಬೆಳಗಿ, ಮೂಡಣ ಕೆಂಪಾಗುವ ಹೊತ್ತಿಗೆ ಹಾಡಿಕೊಂಡು ಚರ್ಚಿಗೆ ಬರಬೇಕು. ಮನೆಗೆ ಬಂದರೆ ಅವ್ವ ಮಾಡಿದ ಗೋಧಿ ಹುಗ್ಗಿ. ಹಬ್ಬ ಅಂದರೆ ನನಗೆ ಅಷ್ಟೇ ಗೊತ್ತಿತ್ತು, ಅಷ್ಟೇ ಸಾಕಾಗಿಯೂ ಇತ್ತು.

ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ಅದರಲ್ಲಿಯೂ ಸ್ವಲ್ಪ ಉದುರಿತು. ಇಲ್ಲಿ ನಮ್ಮವರು ಬಹಳ ಮಂದಿ ಇಲ್ಲ. ನಮ್ಮ ಹಿರಿಯರ ಗೋರಿಗಳೂ ಇಲ್ಲ. ಗಂಡನಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ, ಐತವಾರವೂ ಡ್ಯೂಟಿ. ನಾನು ತಿಕೋಟಾದ ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ, ಜೋರಾಪುರ ಪೇಟೆಯ ಬಾಡಿಗೆ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುವವಳು. ಈಸ್ಟರ್ ಅಂದರೆ ಮುಂಜಾನೆ ಚರ್ಚು, ಆಮೇಲೆ ಮನೆ, ಊಟ, ನಿದ್ದೆ ಎಂಬಂತಾಗಿತ್ತು. ಮಗಳ ಪ್ರಶ್ನೆ ಚುಚ್ಚಿದ್ದು ಅದಕ್ಕೇ ಇರಬೇಕು.

"ಮೊಲ ಬರದಿದ್ರ ನಾನ ಮೊಲ ಆಗ್ತೀನಿ" ಅಂದ ಮಗ. ಅದೊಂದು ಮಾತು ಹಿಡಿದುಕೊಂಡು ಎರಡು ದಿನ ಬಿಡಲಿಲ್ಲ.

ನಮ್ಮ ಎದುರು ಮನೆಯಲ್ಲಿ ಬಟ್ಟೆ ಹೊಲಿಯುವ ಹೆಣ್ಣುಮಗಳಿದ್ದಳು. ನಾನು ಆಪಾ ಅನ್ನುತ್ತಿದ್ದೆ, ಮಕ್ಕಳು ಖಾಲಾ ಅನ್ನುತ್ತಿದ್ದರು. ಅದು ರಮಜಾನ್ ತಿಂಗಳು. ಓಣಿಯ ಅರ್ಧ ಹೆಂಗಸರ ಹಬ್ಬದ ಬಟ್ಟೆ ಅವಳ ಮಷಿನ್ನಿನ ಸುತ್ತ ಗುಡ್ಡೆ ಬಿದ್ದಿತ್ತು. ಇಂಥ ಹೊತ್ತಿನಲ್ಲಿ ಮೊಲದ ವೇಷ ಹೊಲಿದುಕೊಡು ಅನ್ನಲು ನನಗೆ ನಾಚಿಕೆ. ಮಗನಿಗೆ ನಾಚಿಕೆ ಇರಲಿಲ್ಲ. ತಾನೇ ಹೋಗಿ ಕೇಳಿಬಿಟ್ಟ. ನಾನು ಹಿಂದೆಯೇ ಓಡಿ ಹೋದರೆ ಆಪಾ ಆಗಲೇ ಅವನನ್ನು ಸ್ಟೂಲಿನ ಮೇಲೆ ನಿಲ್ಲಿಸಿ ಟೇಪು ಹಿಡಿದಿದ್ದಳು.

"ಮೊಲಕ್ಕ ಬಾಲ ಎಷ್ಟ ಉದ್ದ ಇಡ್ಲಿ ಟೀಚರ್?"

"ಬಿಡ್ರಿ ಆಪಾ, ನಿಮಗ ಈಗ ಮೊದಲ ಕೈ ತುಂಬ ಕೆಲಸ."

"ಎಲ್ಲಾರ್ಗೂ ಚೂಡಿದಾರ ಹೊಲದು ಹೊಲದು ಬ್ಯಾಸರ ಆಗೇತಿ. ಮೊಲಕ್ಕ ಒಮ್ಮೆನೂ ಹೊಲದಿಲ್ಲ, ನೋಡೂಣು."

ಬಿಳಿ ಟರ್ಕಿ ಟವೆಲ್ಲು ತರಲು ಹೇಳಿದಳು, ಮೊಲದ ಮೈಯಂತೆ ಮೆತ್ತಗೆ ಕಾಣುತ್ತದೆ ಅಂತ. ಕಿವಿ ನೆಟ್ಟಗೆ ನಿಲ್ಲಲಿ ಎಂದು ಮುರಿದ ಛತ್ರಿಯ ಕಡ್ಡಿ ಸೇರಿಸಿದಳು. ಮುಂದುಗಡೆ ಒಂದು ದೊಡ್ಡ ಜೇಬು. ದಿನವಿಡೀ ಉಪವಾಸವಿದ್ದು, ಇಫ್ತಾರಿಗೆ ಇನ್ನೂ ಅರ್ಧ ತಾಸು ಇರುವಾಗ ನನ್ನ ಮಗನ ತಲೆಗೆ ಕಿವಿ ಇಟ್ಟು ನೋಡಿ ಕೂತು ನಗುತ್ತಿದ್ದ ಆಪಾನ ಮುಖ ಈಗಲೂ ಕಣ್ಣ ಮುಂದಿದೆ. ಏಪ್ರಿಲ್ ತಿಂಗಳ ಬಿಸಿಲಿಗೆ ಟವೆಲ್ ಬಟ್ಟೆಯ ಅಂಗಿ ಹೇಗಾದೀತು ಎಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಇನ್ನು ತತ್ತಿ. ಅದಕ್ಕೆ ನಾನು ಕೇಳಿದ್ದು ನಮ್ಮ ಶಾಲೆಯ ಬಿಸಿಯೂಟದ ಅಡುಗೆಯಾಕೆಯನ್ನು. ಅವಳು ಲಿಂಗಾಯತರ ಮನೆಯ ಸೊಸೆ, ಜೀವನದಲ್ಲಿ ತತ್ತಿ ತಿಂದವಳಲ್ಲ. ಆದರೆ ಶಾಲೆಯ ಮಕ್ಕಳಿಗೆ ತತ್ತಿ ಕೊಡುವ ದಿನ ದೊಡ್ಡ ಪಾತೇಲಿಯಲ್ಲಿ ಒಂದೂ ಒಡೆಯದಂತೆ ಕುದಿಸುವುದರಲ್ಲಿ ಅವಳಷ್ಟು ನಿಪುಣರನ್ನು ನಾನು ನೋಡಿಲ್ಲ. ಬಣ್ಣ ಹತ್ತಬೇಕಾದರೆ ಉಳ್ಳಾಗಡ್ಡಿ ಸಿಪ್ಪೆ ಹಾಕಿ ಕುದಿಸಬಹುದೇ ಎಂದು ಕೇಳಿದೆ. ಯಾಕೆಂದು ವಿಚಾರಿಸಿದಳು. ಮಕ್ಕಳ ಹಟ, ಮೊಲ, ಹುಡುಕಾಟ ಎಲ್ಲ ಹೇಳಿದೆ.

"ಪ್ಯಾಟ್ಯಾಗಿನ ಆ ಸಣ್ಣ ಮನ್ಯಾಗ ಎಲ್ಲಿ ಬಚ್ಚಿಡ್ತೀರಿ ಅಕ್ಕೋರ?" ಅಂದಳು. "ನಮ್ಮ ದ್ರಾಕ್ಷಿ ತೋಟಕ್ಕ ಕರ್ಕೊಂಡ ಬರ್ರಿ. ಹಣ್ಣ ಹರದಾಗೇತಿ. ಇನ್ನ ಕಡ್ಡಿ ಕತ್ತರಿಸಿಲ್ಲ, ಎಲಿ ಹಸರ ಅದಾವ."

ಮಕ್ಕಳಿಗೆ ಹೇಳಿದೆ. ಅವರು ಕುಣಿದರು. ಮರುದಿನ ಅಡುಗೆಯಾಕೆ ನನ್ನ ತರಗತಿಯ ಬಾಗಿಲಲ್ಲಿ ಬಂದು ಸೆರಗು ಹಿಡಿದು ನಿಂತಳು.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ. ತೋಟದಾಗ ಹಿರ್ಯಾರನ್ನ ಮಣ್ಣ ಮಾಡಿದ ಗದ್ದಿಗಿ ಐತ್ರಿ, ದಿನಾ ಪೂಜಿ ಆಗತೈತಿ. ತತ್ತಿ ತರಬಾರದು ಅಂತಾರ ನಮ್ಮ ಅತ್ತಿ."

"ಇರ್ಲಿ ಬಿಡು ಯವ್ವಾ" ಅಂದೆ. ದನಿ ಗಟ್ಟಿಯಾಗಿಯೇ ಇತ್ತು ಅನ್ನಿಸುತ್ತದೆ.

ಸಂಜೆ ಬಸ್ಸಿನಲ್ಲಿ ಕೂತಾಗ ಮನಸ್ಸು ಕಹಿಯಾಯಿತು. ಈ ಮಾತು ನನಗೆ ಹೊಸದಲ್ಲ. ಬಾಡಿಗೆ ಮನೆ ಹುಡುಕುವಾಗ, ಸ್ಟಾಫ್ ರೂಮಿನಲ್ಲಿ ಡಬ್ಬಿ ಬಿಚ್ಚುವಾಗ, ಬೇರೆ ಬೇರೆ ರೂಪದಲ್ಲಿ ಕೇಳುತ್ತಲೇ ಬಂದದ್ದು. ಅವರ ಕಟ್ಟು-ಕಟ್ಟಳೆ ಅವರಿಗೆ ಎಂದು ಒಪ್ಪಿಕೊಂಡರೂ ಎದೆಯಲ್ಲಿ ಒಂದು ಮುಳ್ಳು ಉಳಿಯುತ್ತದೆ. ಹೋಗುವುದೇ ಬೇಡ ಎಂದು ತೀರ್ಮಾನಿಸಿದೆ. ಮನೆಯಲ್ಲಿ ಹೇಳಿದರೆ ಗಂಡ ಒಂದೇ ಮಾತು ಕೇಳಿದರು: "ಅವರು ಬರಬ್ಯಾಡ ಅಂದಾರೇನು?"

ಅದಕ್ಕೆ ಉತ್ತರವನ್ನು ಮರುದಿನ ಅಡುಗೆಯಾಕೆ ತಾನಾಗಿ ಹೇಳಿದಳು. "ಅಕ್ಕೋರ, ಅತ್ತಿ ತತ್ತಿ ಬ್ಯಾಡ ಅಂದಾರ, ನಿಮ್ಮನ್ನ ಬ್ಯಾಡ ಅಂದಿಲ್ರಿ. ಹುಡುಗೂರು ಏನಾರ ಹುಡಕಬೇಕು, ಸಿಕ್ಕಿದ್ದು ತಿನ್ನಬೇಕು, ಅಷ್ಟ ಹೌದಲ್ಲೋ ಅಂತ ಕೇಳಿದ್ರು. ಅಟ್ಟದ ಮ್ಯಾಲಿಂದ ಸಕ್ಕರಿ ಗೊಂಬಿ ಅಚ್ಚು ಇಳಿಸ್ಯಾರ."

ಗೌರಿ ಹುಣ್ಣಿಮೆಗೆ ನಮ್ಮ ಕಡೆ ಸಕ್ಕರಿ ಪಾಕವನ್ನು ಕಟ್ಟಿಗೆಯ ಅಚ್ಚಿನಲ್ಲಿ ಹೊಯ್ದು ಗಿಳಿ, ನವಿಲು, ಆನೆ ಮಾಡಿ ಆರತಿ ಎತ್ತುತ್ತಾರೆ. ವರ್ಷಕ್ಕೆ ಒಂದೇ ಸಲ. ಆ ಮುದುಕಿ ನಾನು ಮುಖ ಸಹ ನೋಡಿರದವಳು. ನನ್ನ ಮಕ್ಕಳ ಸಲುವಾಗಿ, ಹೊರಗೆ ಸುಡು ಬಿಸಿಲಿರುವಾಗ ಒಲೆಯ ಮುಂದೆ ಕೂತು ಪಾಕ ಕಾಯಿಸಿದ್ದಳು.

ಈಸ್ಟರ್ ದಿನ ಚರ್ಚು ಮುಗಿಸಿದೆವು. ಮಗಳು ಖಣದ ಪರಕಾರ-ಪೋಲ್ಕಾ ಉಟ್ಟಿದ್ದಳು. ಈಸ್ಟರಿಗೆ ಬಿಳಿ ಉಡಬೇಕಲ್ಲ ಎಂದು ಒಬ್ಬ ಹಿರಿಯಾಕೆ ಕೇಳಿದ್ದಕ್ಕೆ "ಬಿಳಿದೆಲ್ಲಾ ನನ್ನ ತಮ್ಮನ ಮೈಮ್ಯಾಲ ಐತ್ರಿ" ಎಂದು ಉತ್ತರ ಕೊಟ್ಟಳು. ಮಗ ಆರಾಧನೆಯುದ್ದಕ್ಕೂ ಕಿವಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಮುಗಿದ ಕೂಡಲೇ ಹಾಕಿಕೊಂಡ. ಗಂಡ ಡ್ಯೂಟಿಗೆ ಹೋದರು. ನಾವು ಮೂವರೂ ಬಸ್ ಸ್ಟ್ಯಾಂಡಿಗೆ ಹೋದೆವು.

ತಿಕೋಟಾ ಬಸ್ಸಿನಲ್ಲಿ ಕಂಡಕ್ಟರ್ ನನ್ನದೂ ಮಗಳದೂ ಟಿಕೇಟು ಹರಿದು, ಮಗನನ್ನು ಬಹಳ ಹೊತ್ತು ನೋಡಿದ. "ಕೋಳಿ ಒಯ್ದ್ರ ಟಿಕೀಟ್ ಐತ್ರಿ. ಮೊಲಕ್ಕ ಎಷ್ಟ ಅಂತ ನಮಗ ಹೇಳಿಕೊಟ್ಟಿಲ್ಲ."

"ನಾ ಮೊಲ ಅಲ್ರಿ, ಒಂದನೇತ್ತಾ" ಅಂದ ಮಗ ಗಂಭೀರವಾಗಿ. ಬಸ್ಸು ತುಂಬ ನಗು. ಒಬ್ಬ ಅಜ್ಜ ತನ್ನ ಕಿಟಕಿ ಸೀಟು ಬಿಟ್ಟುಕೊಟ್ಟ. ತಿಕೋಟಾ ಬರುವವರೆಗೂ ಕಿವಿಗಳು ಗಾಳಿಗೆ ಅಲ್ಲಾಡುತ್ತಿದ್ದವು.

ತೋಟ ಊರಿನಿಂದ ಸ್ವಲ್ಪ ಹೊರಗೆ. ಅಡುಗೆಯಾಕೆಯ ಗಂಡ ಗಾಡಿ ತಂದು ಕರೆದೊಯ್ದ. ಅತ್ತೆ ಎಪ್ಪತ್ತರ ಮೇಲಿನ ಮುದುಕಿ, ಇಳಕಲ್ಲ ಸೀರೆ, ಹಣೆಗೆ ವಿಭೂತಿ. ಮಗನನ್ನು ಕಂಡು "ಇದು ಎಲ್ಲೀದ ಯವ್ವಾ ಪ್ರಾಣಿ" ಅಂದಳು, ಅಷ್ಟೇ. ನಗಲಿಲ್ಲ. ಆಗಲೇ ನಸುಕಿನಲ್ಲಿ ಎದ್ದು ಗದ್ದಿಗೆಗೆ ನೀರು ಹಾಕಿ, ಬಳ್ಳಿಗಳ ಎಲೆಯ ಮರೆಯಲ್ಲಿ, ಕಲ್ಲುಗಂಬದ ಬುಡದಲ್ಲಿ, ಹನಿ ನೀರಿನ ಪೈಪಿನ ಪಕ್ಕದಲ್ಲಿ ಗೊಂಬೆಗಳನ್ನು ಇಟ್ಟು ಬಂದಿದ್ದಳು. ಆ ಮನೆಯ ಮಕ್ಕಳೂ ಅಕ್ಕಪಕ್ಕದ ತೋಟದ ಮಕ್ಕಳೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು, ಜಾತ್ರೆಗೆ ಹೊರಟವರಂತೆ ಸಾಲಾಗಿ ನಿಂತಿದ್ದರು.

ಹುಡುಕಾಟ ಶುರುವಾಯಿತು. ಮೊದಲ ಐದು ನಿಮಿಷ ಕೂಗಾಟ, ಓಡಾಟ. ನಾನು ನೆರಳಿನಲ್ಲಿ ನಿಂತು ಫೋಟೋ ತೆಗೆಯುತ್ತಿದ್ದೆ. ಆಮೇಲೆ ಒಂದು ಹುಡುಗಿ ಕೈ ಝಾಡಿಸಿ ಗೊಂಬೆ ಕೆಳಗೆ ಹಾಕಿದಳು. ಇನ್ನೊಬ್ಬನೂ ಹಾಕಿದ. ನೋಡಿದರೆ ಗಿಳಿಗಳ ತುಂಬ ಕೆಂಪು ಇರುವೆ. ಬೆಳಗಿನಿಂದ ಬಿಸಿಲಿಗೆ ಬೆವತ ಸಕ್ಕರೆಯನ್ನು ತೋಟದ ಇರುವೆಗಳೆಲ್ಲ ಪತ್ತೆ ಹಚ್ಚಿದ್ದವು. ಉಳಿದ ಮಕ್ಕಳು ಊದಿ ಊದಿ ಇರುವೆ ಓಡಿಸಿದರು. ನನ್ನ ಮಗ ಮಾತ್ರ, ಹೆಚ್ಚು ಸಿಗಲಿ ಎಂಬ ಆತುರದಲ್ಲಿ, ಕಂಡದ್ದನ್ನೆಲ್ಲ ಮುಂದಿನ ದೊಡ್ಡ ಜೇಬಿಗೆ ಸುರಿದುಕೊಂಡಿದ್ದ.

ಅವನ ಚೀರಾಟ ಕೇಳಿ ನಾನು ಓಡಿದೆ. ಆದರೆ ನನಗಿಂತ ಮೊದಲು ಆ ಮುದುಕಿ ಓಡಿದಳು. ಆಪಾ ಬಿಚ್ಚಿಹೋಗಬಾರದೆಂದು ಬಿಗಿಯಾಗಿ ಹೊಲಿದಿದ್ದ ಗುಂಡಿಗಳನ್ನು ಒಂದೊಂದೇ ಬಿಚ್ಚಿ, ವೇಷ ಕಿತ್ತು ಒಗೆದು, ಅವನನ್ನು ಎತ್ತಿ ನೀರಿನ ತೊಟ್ಟಿಯಲ್ಲಿ ನಿಲ್ಲಿಸಿದಳು. ಮೈ ಪೂರ್ತಿ ಬೆವರು, ಹೊಟ್ಟೆಯ ಮೇಲೆ ಕೆಂಪು ದದ್ದು. ತಂಬಿಗೆಯಿಂದ ನೀರು ಹೊಯ್ಯುತ್ತ, ತನ್ನ ಅಂಗೈಯಿಂದ ಇರುವೆ ಸವರಿ ತೆಗೆಯುತ್ತ, "ಅಳಬ್ಯಾಡ ನನ ಕಂದಾ, ಹೋದವು, ಎಲ್ಲಾ ಹೋದವು" ಅನ್ನುತ್ತಿದ್ದಳು. ನಮ್ಮ ತತ್ತಿ ಬೇಡವೆಂದ ಕೈ ಅದೇ. ಆ ಹೊತ್ತಿನಲ್ಲಿ ನನ್ನ ಎದೆಯ ಮುಳ್ಳು ಎಲ್ಲಿ ಹೋಯಿತೋ ಕಾಣೆ.

ದದ್ದಿಗೆ ಕೊಬ್ಬರಿ ಎಣ್ಣೆ ಹಚ್ಚಿ, ತನ್ನ ಮಗನ ಬಿಳಿ ಧೋತರವೊಂದನ್ನು ತಂದು ಅವನಿಗೆ ಹೆಗಲಿನಿಂದ ಕಾಲವರೆಗೆ ಸುತ್ತಿದಳು. ಆಮೇಲೆ ನಮ್ಮನ್ನು ಒಣದ್ರಾಕ್ಷಿ ಶೆಡ್ಡಿಗೆ ಕರೆದೊಯ್ದಳು. ಅಲ್ಲಿ ಹಸಿರು ಪರದೆಯ ನೆರಳು, ಜಾಳಿಗೆಯ ಅಂತಸ್ತಿನ ಮೇಲೆ ದ್ರಾಕ್ಷಿ ಒಣಗುತ್ತಿತ್ತು. ಆರೇಳು ಹೆಂಗಸರು ಕೆಳಗೆ ಕೂತು ಒಣಗಿದ ಹಣ್ಣಿನಿಂದ ಕಡ್ಡಿ ಬಿಡಿಸುತ್ತಿದ್ದರು. ಸುಗ್ಗಿಯ ದಿನ, ಅವರಿಗೆ ಐತವಾರವಿಲ್ಲ. ಎಲ್ಲರಿಗೂ ಮಜ್ಜಿಗೆ ಕೊಟ್ಟು ಮುದುಕಿ ನನ್ನ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು.

"ಈಗ ಹೇಳು, ಇದು ಯಾತರ ಹಬ್ಬ?"

ಮಗಳು ನನ್ನ ಕಡೆ ನೋಡಿದಳು. ನೀನೇ ಹೇಳು ಎಂದು ಸನ್ನೆ ಮಾಡಿದೆ. ಯೇಸುವನ್ನು ಶಿಲುಬೆಗೆ ಹಾಕಿದ್ದು, ಗುಹೆಯಂಥ ಗೋರಿಯಲ್ಲಿ ಇಟ್ಟು ಬಾಯಿಗೆ ಬಂಡೆಗಲ್ಲು ಉರುಳಿಸಿದ್ದು ಹೇಳಿದಳು. ಹೆಂಗಸರ ಕೈ ನಿಧಾನವಾಯಿತು.

"ಮೂರನೇ ದಿನ, ಸೂರ್ಯ ಹುಟ್ಟೋಕಿಂತ ಮೊದಲ, ಹೆಣ್ಮಕ್ಕಳು ಗೋರಿಗೆ ಹೊಂಟ್ರು. ಕೈಯಾಗ ಸುವಾಸನಿ ಎಣ್ಣಿ ಇತ್ತು."

"ಗಂಡಸ್ರು ಎಲ್ಲಿದ್ರು?" ಕಡ್ಡಿ ಬಿಡಿಸುತ್ತಿದ್ದವಳೊಬ್ಬಳು ಕೇಳಿದಳು.

"ಹೆದರಿ ಬಾಗಲಾ ಹಾಕ್ಕೊಂಡ ಒಳಗ ಕುಂತಿದ್ರು."

ಹೆಂಗಸರೆಲ್ಲ ನಕ್ಕರು.

"ದಾರ್ಯಾಗ ಅವರಿಗೆ ಒಂದ ಚಿಂತಿ. ಅಷ್ಟ ದೊಡ್ಡ ಕಲ್ಲು, ನಮಗ ಯಾರು ಸರಿಸಿ ಕೊಡ್ತಾರ ಅಂತ."

"ಹೌದಲ್ಲ ಮತ್ತ" ಅಂದಳು ಮುದುಕಿ. "ಯಾರ ಸರಸ್ತಾರ ಗೊತ್ತಿಲ್ಲ. ಆದ್ರೂ ಹೊಂಟ್ರಲ್ಲ."

ನಾನು ಈ ಕಥೆಯನ್ನು ಹುಟ್ಟಿದಾಗಿನಿಂದ ಪ್ರತಿ ವರ್ಷ ಕೇಳಿದವಳು. ಕಥೆಯ ಆ ಜಾಗದಲ್ಲಿ ಒಮ್ಮೆಯೂ ನಿಂತು ಯೋಚಿಸಿರಲಿಲ್ಲ.

"ಹೋಗಿ ನೋಡಿದ್ರ ಕಲ್ಲ ಸರದಿತ್ತು. ಒಳಗ ಬಿಳಿ ಅರಬಿ ಉಟ್ಕೊಂಡ ದೇವದೂತ ಕುಂತಿದ್ದ" ಎಂದು ಮಗಳು ತಮ್ಮನ ಕಡೆ ಕೈ ಮಾಡಿದಳು. ಧೋತರದಲ್ಲಿ ಸುತ್ತಿಕೊಂಡು ಖಾಲಿ ಬುಟ್ಟಿಯ ಮೇಲೆ ಕೂತಿದ್ದ ಅವನಿಗೆ ಚರ್ಚಿನ ನಾಟಕದಲ್ಲಿ ಕೇಳಿದ ಮಾತು ನೆನಪಿತ್ತು. ಕಣ್ಣೀರು ಒರೆಸಿಕೊಂಡು ಹೇಳಿದ: "ಅಂವ ಇಲ್ಲಿಲ್ಲ. ಎದ್ದಾನ. ನೀವೂ ಹೋಗ್ರಿ, ಇಲ್ಲಿ ಇರಿವಿ ಅದಾವ."

ಆ ನಗು ತಣ್ಣಗಾಗಲು ಬಹಳ ಹೊತ್ತು ಹಿಡಿಯಿತು. ಹೆಂಗಸರು ಓಡಿಹೋಗಿ ಗಂಡಸರಿಗೆ ಸುದ್ದಿ ಮುಟ್ಟಿಸಿದರೂ ಅವರು ನಂಬಲಿಲ್ಲ ಎಂದಾಗ "ನಂಬಂಗಿಲ್ಲ ತಗೋ" ಅಂದಳು ಒಬ್ಬಳು, ದಿನಾ ಆಗುವ ಸಂಗತಿಯಂತೆ.

ಮುದುಕಿ ನನ್ನ ಕಡೆ ತಿರುಗಿದಳು. "ಎದ್ದಾಂವ ಮೊದಲ ಯಾರಿಗೆ ಕಾಣಿಸ್ಕೊಂಡಾ?"

"ಒಬ್ಬ ಹೆಣ್ಮಗಳಿಗೆ. ಆಕಿ ಅಳಕೋತ ನಿಂತಿದ್ಲು. ಆತ ಬಂದು ಮಾತಾಡಿಸಿದ್ರ ತೋಟ ಕಾಯಾಂವ ಅಂತ ತಿಳಕೊಂಡ್ಲು."

"ತೋಟದಾಗೇನ?"

"ಹೌದ್ರಿ. ತೋಟದಾಗ."

ಮುದುಕಿ ಪರದೆಯಾಚೆಗಿನ ತನ್ನ ಬಳ್ಳಿಗಳನ್ನು ನೋಡಿದಳು. ಆಮೇಲೆ ತಾನೂ ಕಡ್ಡಿ ಬಿಡಿಸತೊಡಗಿದಳು. ನಾನೂ ಮುಂದೆ ಸರಿದು ಒಂದು ಹಿಡಿ ತೆಗೆದುಕೊಂಡು ಬಿಡಿಸಿದೆ. ಹೊತ್ತು ಇಳಿಯುವವರೆಗೆ ಹಾಗೇ ಕೂತಿದ್ದೆವು.

ಮರು ವರ್ಷವೂ ಹೋದೆವು, ಅದರ ಮರು ವರ್ಷವೂ. ಗೊಂಬೆಗಳನ್ನು ಎಲೆಗಳಲ್ಲಿ ಬಚ್ಚಿಡುವ ಬದಲು ದಾರ ಕಟ್ಟಿ ತಂತಿಗೆ ತೂಗು ಹಾಕುವುದನ್ನು ಮಕ್ಕಳೇ ಕಂಡುಹಿಡಿದರು. ಮೊಲದ ವೇಷ ಒಬ್ಬರಿಂದೊಬ್ಬರಿಗೆ ದಾಟಿ ಎಲ್ಲಿಯೋ ಹೋಯಿತು. ಒಮ್ಮೆ ಮಗ ಕಂಡಕ್ಟರನ ಖಾಕಿ ಹಾಕಿ ಬಂದ, ಇನ್ನೊಮ್ಮೆ ಮಗಳು ಅಜ್ಜಿಯ ಹಾಗೆ ಇಳಕಲ್ಲ ಸೀರೆ ಉಟ್ಟಳು. ಆಮೇಲೆ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಮನೆಯನ್ನೂ ಅಲ್ಲಿಗೇ ಬದಲಿಸಿದೆವು. ಆಪಾ ಸಾಮಾನು ಏರಿಸುವಾಗ ಬಂದು ಮಕ್ಕಳಿಬ್ಬರ ತಲೆ ಸವರಿ ಹೋದಳು. ತಿಕೋಟಾದ ಹಬ್ಬವೂ ಇಲ್ಲಿಗೆ ಮುಗಿಯಿತು ಎಂದುಕೊಂಡೆ.

ಆ ವರ್ಷ ಈಸ್ಟರಿಗೆ ಹದಿನೈದು ದಿನ ಇರುವಾಗ ಫೋನು ಬಂತು. ಮುದುಕಿಯ ದನಿ. "ದವನದ ಹುಣ್ಣಿಮಿ ಮುಗದ ಐತವಾರ ಅಲ್ಲೇನ ಈ ಸಲ ನಿಮ್ಮ ಹಬ್ಬ?" ನಾನು ಕ್ಯಾಲೆಂಡರ್ ತೆಗೆದು ನೋಡಿದೆ. ಹೌದು. ಯಾರು ಹೇಳಿದರು ಎಂದು ಕೇಳಿದರೆ, "ಮೂರ ವರ್ಷ ನೋಡಿಲ್ಲೇನು, ಹುಣ್ಣಿಮಿ ಬೆನ್ನ ಹತ್ತೇ ಬರ್ತದ" ಅಂದಳು. "ಈ ಸಲ ನೀವು ಬರಬ್ಯಾಡ್ರಿ. ನಾವ ಬರ್ತೀವಿ. ಈಗ ಹೆಣ್ಮಕ್ಕಳಿಗೆ ಬಸ್ಸಿಗೆ ರೊಕ್ಕ ಇಲ್ಲ. ನಾ ಇನ್ನೂ ಬಬಲೇಶ್ವರ ನೋಡಿಲ್ಲ."

ಬಂದರು, ಅತ್ತೆ ಸೊಸೆ ಇಬ್ಬರೇ. ವಿಜಯಪುರದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನ ಹನ್ನೆರಡಕ್ಕೆ. ನಾನು ಆ ದಿನ ಮನೆಯಲ್ಲಿ ಬರೀ ಹುಗ್ಗಿ, ಪಲ್ಯ, ಕೋಸಂಬರಿ ಮಾಡಿದ್ದೆ. ಮುದುಕಿ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಪಾತ್ರೆಗಳನ್ನು ನೋಡಿದಳು.

"ನನ್ನ ಸಲುವಾಗಿ ಹುಡುಗೂರಿಗೆ ಹಬ್ಬದ ಊಟ ಬಿಡಿಸೀರೇನ?"

"ಹಂಗೇನಿಲ್ರಿ ಅಜ್ಜಿ, ನಮ್ಮ ಅವ್ವನೂ ಈ ದಿನ ಹುಗ್ಗಿನ ಮಾಡ್ತಿದ್ಲು."

"ನಿಮ್ಮ ಮನಿ, ನಿಮ್ಮ ಕಟ್ಟು" ಅಂದಳು. "ನಮ್ಮ ತೋಟದಾಗ ನಮ್ಮದು ನಡೀತು. ಇಲ್ಲಿ ನಿಮ್ಮದು ನಡೀಬೇಕು. ನಂಗ ಹಾಲು-ಬಾಳಿಹಣ್ಣ ಸಾಕು."

ಆದರೂ ಎರಡು ಸಲ ಹುಗ್ಗಿ ಹಾಕಿಸಿಕೊಂಡಳು. ಊಟವಾದ ಮೇಲೆ ಮಗಳು ಅವಳಿಗೆ ತನ್ನ ಹೊಸ ಶಾಲೆಯ ಪುಸ್ತಕ ತೋರಿಸಿದಳು. ಮಗ ಊರು ತೋರಿಸುತ್ತೇನೆಂದು ಕೈ ಹಿಡಿದು ಓಣಿ ಸುತ್ತಿಸಿದ. ಎಲ್ಲರಿಗೂ "ಇವರು ನಮ್ಮ ತಿಕೋಟಾ ಅಜ್ಜಿ" ಎಂದು ಪರಿಚಯ ಮಾಡಿದನಂತೆ. ಅವನ ಸ್ವಂತ ಅಜ್ಜಿಯರಿಬ್ಬರೂ ಅವನು ಹುಟ್ಟುವ ಮೊದಲೇ ತೀರಿಹೋದವರು.

ಸಂಜೆ ಅವರನ್ನು ಬಿಡಲು ಬಸ್ ನಿಲ್ದಾಣಕ್ಕೆ ಎಲ್ಲರೂ ಹೋದೆವು. ಬಸ್ಸು ತಡವಾಯಿತು. ಕಲ್ಲುಬೆಂಚಿನ ಮೇಲೆ ಮುದುಕಿ ನಡುವೆ, ಮಕ್ಕಳು ಎರಡೂ ಕಡೆ. ಗಂಡ ಎಲ್ಲರಿಗೂ ಕಬ್ಬಿನ ಹಾಲು ತಂದರು. ಅಡುಗೆಯಾಕೆ ಶಾಲೆಯ ಸುದ್ದಿ ಹೇಳುತ್ತಿದ್ದಳು, ಯಾವ ಹುಡುಗ ಏಳನೇತ್ತಾ ಪಾಸಾದ, ಯಾರಿಗೆ ಕನ್ನಡಕ ಬಂತು. ನಾನು ಅರ್ಧ ಕೇಳುತ್ತ, ಅರ್ಧ ಆ ಮೂವರನ್ನು ನೋಡುತ್ತ ನಿಂತಿದ್ದೆ. ನನಗೆ ಪ್ರಾರ್ಥನೆಯ ಮಾತು ಜೋಡಿಸಲು ಅಷ್ಟಾಗಿ ಬಾರದು. ಅಂದು ಜೋಡಿಸಲು ಹೋಗಲೂ ಇಲ್ಲ. ದೇವರೇ, ಇದೆಲ್ಲ ನನಗೆ ಸಿಕ್ಕಿತಲ್ಲ ಎಂದು ಮಾತ್ರ ಅಂದುಕೊಂಡೆ.

ಬಸ್ಸು ಬಂತು. ಕಿಟಕಿಯ ಸೀಟು ಹಿಡಿದು ಮುದುಕಿ ಸೆರಗು ಸರಿಪಡಿಸಿಕೊಂಡಳು. ಮಗ ಕೆಳಗಿನಿಂದ ಕೂಗಿ ಊರು ಮುಟ್ಟಿದ ಮೇಲೆ ಫೋನು ಮಾಡಲು ಹೇಳಿದ. ಅವಳು ತಲೆಯಾಡಿಸಿದಳು. ಬಸ್ಸು ವಿಜಯಪುರದ ಕಡೆ ಹೊರಳಿದ ಮೇಲೆ ನಾವು ನಾಲ್ವರೂ ನಡೆಯುತ್ತ ಮನೆಗೆ ಬಂದೆವು.